ಕಾವಲಿಯೆದುರು ನಿಲ್ಲುವವರಿಗೂ ಗಾಳಿ ಬೇಕು: ಮುಂಬೈಯಲ್ಲಿ ಹೋಟೆಲಿನ ಅಡುಗೆಕೋಣೆ ಕಟ್ಟುವಾಗ

ಮಾಟುಂಗಾ ಇರಲಿ, ಮುಲುಂಡ್ ಇರಲಿ, ಹೊಸ ಉಡುಪಿ ಹೋಟೆಲ್ ಹಾಕುವಾಗ ಗಲ್ಲಾ, ಎ.ಸಿ. ಹಾಲ್ ಎಲ್ಲ ಮುಗಿದು ಉಳಿದ ಜಾಗವೇ ಅಡುಗೆಕೋಣೆ. ಈ ಕ್ರಮ ತಿರುಗಬೇಕು. ಗಿರಾಕಿ ಕೂರುವುದು ಅರ್ಧ ಗಂಟೆ. ದೋಸೆ ಭಟ್ಟರು ದಿನವಿಡೀ ಬೆಂಕಿಯೆದುರು ನಿಲ್ಲುತ್ತಾರೆ.

ಮೊದಲು ಹುಡ್, ಅಂದರೆ ಒಲೆಯ ಮೇಲೆ ಹೊಗೆ ಎಳೆದುಕೊಳ್ಳುವ ತಗಡಿನ ಗೂಡು. ಗೋಡೆಗೆ ಒತ್ತಿದ 5×3 ಅಡಿ ಕಾವಲಿಗೆ ಮುಂದೆ ಮತ್ತು ಎರಡು ಪಕ್ಕ ಅರ್ಧರ್ಧ ಅಡಿ ಚಾಚಿದ 6×3.5 ಅಡಿ ಹುಡ್ ಬೇಕು. ಕೆಳ ಅಂಚು ನೆಲದಿಂದ ಆರೂವರೆ ಅಡಿ. ಒಟ್ಟು 21 ಚದರ ಅಡಿ. ಅದರೊಳಗೆ ಗಾಳಿ ನಿಮಿಷಕ್ಕೆ 100 ಅಡಿ ವೇಗದಲ್ಲಿ ಸೇರಲು ಫ್ಯಾನ್ 2100 ಸಿಎಫ್‌ಎಂ (ನಿಮಿಷಕ್ಕೆ ಇಷ್ಟು ಘನ ಅಡಿ ಗಾಳಿ) ಎಳೆಯಬೇಕು. ಹೊಗೆ ಹೊರಗೊಯ್ಯುವ ಕೊಳವೆಯಾದ ಡಕ್ಟಿನ ಪ್ರತಿ ತಿರುವೂ ಫಿಲ್ಟರಿನ ಜಿಡ್ಡೂ ಎಳೆತ ಕಡಿಮೆ ಮಾಡುತ್ತವೆ. ಆದ್ದರಿಂದ ಡಕ್ಟಿನ ಉದ್ದ, ತಿರುವು ಎಲ್ಲ ತೋರಿಸಿಯೇ ಫ್ಯಾನ್ ಆರಿಸಿ.

ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ, ಕೆಡುವುದೂ ಇಲ್ಲೇ. ಹೊರಹೋದಷ್ಟು ಗಾಳಿ ಒಳಬರಲೇಬೇಕು. ದಾರಿಯಿಲ್ಲದಿದ್ದರೆ ಹಾಲಿನ ಎ.ಸಿ. ಗಾಳಿಯೆಲ್ಲ ಹುಡ್‌ಗೆ ಹೋಗುತ್ತದೆ, ಮೋರಿಯ ವಾಸನೆ ಮೇಲೇಳುತ್ತದೆ, ಫ್ಯಾನ್ ತಿರುಗುತ್ತಿದ್ದರೂ ಹೊಗೆ ಕದಲುವುದಿಲ್ಲ. ಹೊರಹೋಗುವುದರ ಸುಮಾರು ಶೇ. 80, ಅಂದರೆ 1700 ಸಿಎಫ್‌ಎಂ, ಬೇರೆ ಬ್ಲೋವರಿನಿಂದ ತನ್ನಿ. ಉಳಿದದ್ದು ಹಾಲಿನಿಂದ ಬರಲಿ. ಆಗ ಒಗ್ಗರಣೆಯ ಘಾಟು ಗಿರಾಕಿಗಳತ್ತ ಹೋಗದು. ಹೊಸ ಗಾಳಿ ಅಗಲವಾದ ಜಾಲರಿಯಿಂದ ಭಟ್ಟರ ತಲೆಯ ಮೇಲೆ ಮೆಲ್ಲಗೆ ಇಳಿಯಲಿ. ಅದನ್ನು ಎಳೆದುಕೊಳ್ಳುವ ಬಾಯಿ ಹೊಗೆ ಬಿಡುವ ಬಾಯಿಯಿಂದ ಕನಿಷ್ಠ 10 ಅಡಿ ದೂರವಿರಲಿ.

ಸೆಕೆಯೆಂದು ಪಕ್ಕದಲ್ಲಿ ಸ್ಟ್ಯಾಂಡ್ ಫ್ಯಾನ್ ಇಡಬೇಡಿ. ಅದರ ಅಡ್ಡಗಾಳಿ ಹೊಗೆಯನ್ನು ಹುಡ್‌ನಿಂದ ಹೊರಗೆ ತಳ್ಳುತ್ತದೆ, ಉರಿಯನ್ನೂ ಕೆಡಿಸುತ್ತದೆ. ಎಲ್ಲ ಆದಮೇಲೆ ಹುಡ್‌ನ ಅಂಚಿನ ಸುತ್ತ ಊದುಬತ್ತಿ ಹಿಡಿಯಿರಿ: ಹೊಗೆ ಎಲ್ಲ ಕಡೆಯೂ ಒಳಕ್ಕೆ ಬಾಗಬೇಕು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಮಡುಗಟ್ಟುತ್ತದೆ. ನೆಲಮಟ್ಟದಲ್ಲೊಂದು ಜಾಲರಿ ಬೇಕೇ ಬೇಕು.

ಕಟ್ಟೆಯ ಎತ್ತರ ಅಲ್ಲಿ ನಿಲ್ಲುವವರ ಮೊಣಕೈಗಿಂತ ನಾಲ್ಕರಿಂದ ಆರು ಇಂಚು ಕೆಳಗಿರಲಿ; ಹಿಟ್ಟು ನಾದುವ ಕಟ್ಟೆ ಇನ್ನೂ ತಗ್ಗು, ಏಕೆಂದರೆ ಅಲ್ಲಿ ಮೈಭಾರ ಹಾಕಬೇಕು. ನಿಲ್ಲುವಲ್ಲಿ ತೂತಿರುವ ರಬ್ಬರ್ ಮ್ಯಾಟ್, ಉಳಿದೆಡೆ ಜಾರದ ಟೈಲ್ಸ್, ಮೋರಿಯತ್ತ 80 ಅಡಿಗೆ 1 ಅಡಿ ಇಳಿಜಾರು.

ಕಿಂಗ್ಸ್ ಸರ್ಕಲ್, ಹಿಂದ್‌ಮಾತಾದಂಥ ತಗ್ಗು ಜಾಗಗಳಲ್ಲಿ ಕಡಲಿನ ಭರತದ ಹೊತ್ತಿಗೆ ಜೋರು ಮಳೆಯಾದರೆ ಮೋರಿ ನೀರು ಹಿಂದಕ್ಕೆ ನುಗ್ಗುತ್ತದೆ. ಹೊರಪೈಪಿಗೆ ನೀರನ್ನು ಹೊರಗೆ ಮಾತ್ರ ಬಿಡುವ ನಾನ್-ರಿಟರ್ನ್ ವಾಲ್ವ್ ಹಾಕಿಸಿ, ಅದನ್ನು ಬಿಚ್ಚಲು ಮುಚ್ಚಳವಿರಲಿ. ಅನ್ನದಗುಳು, ತೆಂಗಿನ ನಾರು ಸಿಕ್ಕಿಕೊಂಡರೆ ವಾಲ್ವ್ ಮುಚ್ಚುವುದೇ ಇಲ್ಲ. ಮೇ ಮುಗಿಯುವುದರೊಳಗೆ ತೆರೆದು ತೊಳೆಯಿರಿ.