ಕೆಸರಿನ ಗೆರೆ, ಒಲೆ, ಜೆಸಿಬಿ ಗಂಟೆ: ನಮ್ಮ ಹೊಳೆದಂಡೆ ಕೇರಿ ಮೇಲಕ್ಕೆ ಹೋದ ಬಗೆ

ಸಕಲೇಶಪುರ ತಾಲ್ಲೂಕಿನ ನಮ್ಮ ಕೇರಿ ಹೇಮಾವತಿ ದಂಡೆ ಬಿಟ್ಟು ಗುಡ್ಡದ ಮೇಲಿನ ಸೈಟುಗಳಿಗೆ ಹೋಗಿ ಕೂತು ಎರಡು ಮಳೆಗಾಲ ಕಳೀತು. ಒಬ್ಬರೂ ವಾಪಸ್ ಇಳಿದಿಲ್ಲ. ‘ದುಡ್ಡು ತಗೊಂಡು ಅಲ್ಲೇ ಕೂರ್ತಾರೆ, ನೋಡ್ತಿರಿ’ ಅಂದಿದ್ದ ಪಂಚಾಯಿತಿ ಗೆಳೆಯರೇ ಈಗ ಹೇಗೆ ಮಾಡಿದ್ರಿ ಅಂತ ಕೇಳ್ತಾರೆ. ಅದಕ್ಕೇ ಬರೀತಿದ್ದೀನಿ. ಹಕ್ಕುಪತ್ರ, ಜಿಪಿಎಸ್ ಫೋಟೊ, ಹಂತದ ಬಿಲ್ಲು ಎಲ್ಲ ನಿಮಗೆ ಗೊತ್ತಿರೋದೇ, ಬಿಡ್ತೀನಿ.

ಹೊಳೆಮಲ್ಲೇಶ್ವರನ ಗುಡಿಗೆ ನೀರು ಬಂತು ಅಂದ್ರೆ ನಮ್ಮ ಕೇರಿಗೂ ಬಂತು ಅಂತಲೇ ಲೆಕ್ಕ. 2019ರ ಆಗಸ್ಟ್ ಮಳೆಗೆ ಸರ್ಕಾರ ಪೂರ್ತಿ ಬಿದ್ದ ಮನೆಗೆ 5 ಲಕ್ಷ, ಕೈಗೆ ತಕ್ಷಣ 10,000 ಅಂತು. ದುಡ್ಡು ಕಮ್ಮಿ ಅಂತ ಜಗಳ ಆಗಲಿಲ್ಲ. ಮನೆ ಅಂದ್ರೆ ಯಾವುದು ಅಂತ ಆಯ್ತು. ಮೊದಲ ಪಟ್ಟಿ ರೇಷನ್ ಕಾರ್ಡಿನ ಮೇಲೆ ಬಂದಿತ್ತು. ಒಂದು ಕಾರ್ಡು, ಒಳಗೆ ಮೂರು ಒಲೆ! ತೋಟದ ಲೈನ್ ಮನೆಯವರ, ಅಂದ್ರೆ ಸಾಹುಕಾರರು ಕಟ್ಟಿಸಿದ ಸಾಲುಮನೆಯಲ್ಲಿರೋ ಕೂಲಿಯವರ, ಹೆಸರೇ ಇಲ್ಲ, ಗೋಡೆ ಸಾಹುಕಾರರದ್ದಲ್ಲವೇ. ಎದೆಮಟ್ಟ ನೀರಲ್ಲಿ ನಿಂತಿದ್ದೋರು ಮಾತ್ರ ಅವರೇ.

ಆ ಪಟ್ಟಿ ಪಕ್ಕಕ್ಕಿಟ್ಟೆ. ಮುಂದಿನ ಸಲ ನೀರು ಇಳಿದ ಕೂಡಲೇ, ಗೋಡೆ ಒಣಗೋದ್ರೊಳಗೆ, ಇಡೀ ಕೇರೀನ ಕಟ್ಟಿಕೊಂಡು ಮನೆಮನೆ ಸುತ್ತಿದೆ. ಕೆಸರಿನ ಗೆರೆ ಮೇಲೆ ಕೆಂಪು ಪೇಂಟು, ಪಕ್ಕದಲ್ಲಿ ಮನೆಯವರು ನಿಂತು ಫೋಟೊ. ಗೆರೆ ಸೊಂಟದ ಮೇಲಿದ್ರೆ ಮೊದಲ ಪಟ್ಟಿ, ಮನೆ ಯಾರದ್ದೇ ಆಗಲಿ. ಆಮೇಲೆ ಒಲೆ ಎಣಿಕೆ, ಒಂದು ಒಲೆ ಅಂದ್ರೆ ಒಂದು ಮನೆ. ಕೆಲವರು ರಾತ್ರೋರಾತ್ರಿ ಮೂರು ಇಟ್ಟಿಗೆ ಇಟ್ಟು ಹೊಸ ಒಲೆ ಹೂಡಿದ್ರು. ತಲೆ ಎತ್ತಿ ಅಟ್ಟ ನೋಡಿದ್ರೆ ಒಂದೆಳೆ ಇಲ್ಲಣ (ಹೊಗೆಮಸಿ) ಇಲ್ಲ. ಗ್ಯಾಸ್ ಇಟ್ಟವರಲ್ಲಿ ಸುಳ್ಳು ಹೇಗೆ ಹಿಡಿದೆ ಅನ್ನೋದನ್ನ ಬರೆಯಲ್ಲ, ಬರೆದ್ರೆ ನಿಮ್ಮೂರಲ್ಲಿ ಅದು ನಡೆಯಲ್ಲ.

ಮೊದಲು ತೋರಿಸಿದ ಜಾಗಕ್ಕೆ ಸೆಕ್ಷನ್ 4, ಅಂದ್ರೆ ಮೀಸಲು ಅರಣ್ಯ ಮಾಡೋಕೆ ಅಧಿಸೂಚನೆ ಆಗಿರೋ ಜಾಗ, ಅಂತ ತಕರಾರು ಬಿತ್ತು. ಎರಡನೇದು ಇಳಿಜಾರು. ಮೂವತ್ತರ ಆಸುಪಾಸು ಮನೆಗೆ ಒಂದೊಂದೇ ಚೀಟಿ ಎತ್ತಿದ್ರೆ ಅಣ್ಣ ಮೇಲಿನ ತುದಿಗೆ, ತಮ್ಮ ಕೆಳಗಿನ ತುದಿಗೆ ಹೋದ. ಒಬ್ಬ ಅಜ್ಜಿ ಚೀಟಿ ನನ್ನ ಕೈಗೇ ತುರುಕಿ ‘ನೀನೇ ಇಟ್ಕೊಳಪ್ಪ, ರಾತ್ರಿ ಎದೆನೋವು ಬಂದ್ರೆ ನಾನು ಯಾರನ್ನ ಕೂಗ್ಲಿ?’ ಅಂದ್ರು. ಅವತ್ತಿನ ಸಭೆ ಅಲ್ಲಿಗೇ ಮುಗೀತು.

ಮುಂದಿನ ಸಭೆಗೆ ನಾಲ್ಕೈದು ಮನೆ ತಾವೇ ಸೇರಿ ಗುಂಪು ಮಾಡಿಕೊಂಡು ಬನ್ನಿ ಅಂದೆ. ಚೀಟಿ ಗುಂಪಿಗೆ, ಸಾಲಿಗೆ. ಸಾಲಿನೊಳಗೆ ಯಾರು ಎಲ್ಲಿ ಅನ್ನೋದು ಅವರವರ ಪಾಡು. ಉಳಿದದ್ದು ಇಳಿಜಾರಿನ ಗೋಳು. ಅದನ್ನ ಸೈಟು ಮಟ್ಟ ಮಾಡೋ ಜೆಸಿಬಿ ಗಂಟೆಯಲ್ಲಿ ಸರಿದೂಗಿಸಿದೆ. ಮಟ್ಟದ ಸೈಟಿಗೆ ಎರಡು ಮೂರು ಗಂಟೆ, ಕಡಿದಾದದ್ದಕ್ಕೆ ಹತ್ತರವರೆಗೆ. ಆಗ ಗಂಟೆಗೆ 1,100–1,200 ಇತ್ತು ಅಂತ ನೆನಪು. ಒಟ್ಟು ಎರಡು ಲಕ್ಷ ದಾಟಿತು. ಅರ್ಧದಷ್ಟು ತೋಟದ ಯಜಮಾನರೊಬ್ಬರಿಂದ, ಉಳಿದದ್ದು ಸ್ತ್ರೀಶಕ್ತಿ ಸಂಘದ ಸಾಲ. ಪಿಡಿಒ ಸಾಹೇಬ್ರು ‘ಇದು ಯಾವ ಹೆಡ್ಡಲ್ಲೂ (ಖರ್ಚಿನ ಬಾಬಿನಲ್ಲೂ) ಬರಲ್ಲ’ ಅಂದ್ರು. ಬರಲಿಲ್ಲ, ನಿಜ. ಕಡೆಗೆ ಒಂದು ಗುಂಪು ಮಟ್ಟದ ಸಾಲು ಬಿಟ್ಟುಕೊಟ್ಟು ಇಳಿಜಾರೇ ಕೇಳಿತು, ಅಂಗಳ ದೊಡ್ಡದಾಗುತ್ತೆ ಅಂತ!

ಬರೆ (ಗುಡ್ಡದ ಮಣ್ಣಿನ ಗೋಡೆ) ಕಡಿದ ಕಡೆ ಮಣ್ಣು ಹಿಡಿಯಲಿ ಅಂತ ಲಾವಂಚ ಹಾಕಿ ನೋಡಿದೆ. ಜೂನ್ ಕೊನೇಲಿ ನೆಟ್ಟದ್ದು ಮಣ್ಣಿನ ಸಮೇತ ಕೆಳಗೆ ಬಂತು. ಮರುವರ್ಷ ಮೇ ತಿಂಗಳ ಅಡ್ಡಮಳೆಗೆ ನೆಟ್ಟದ್ದು ಬೇರು ಬಿಟ್ಟು ನಿಂತಿದೆ.

ಇಷ್ಟಾದ್ರೂ ಹಿರಿಯರು ಅಲುಗಾಡಲಿಲ್ಲ. ಇದೇ ಹೇಮಾವತಿಗೆ ಕಟ್ಟಿದ ಗೊರೂರು ಅಣೆಕಟ್ಟಿಗೆ ಮುಳುಗಿದವರ ಕಥೆ ಅವರಿಗೆ ಗೊತ್ತು. ಶೆಟ್ಟಿಹಳ್ಳಿಯ ಹಳೇ ಇಗರ್ಜಿ (ಚರ್ಚು) ಬೇಸಿಗೆಗೆ ಹಿನ್ನೀರಿಂದ ಮೇಲೆದ್ದರೆ ನೋಡೋಕೆ ಜನ ಹೋಗ್ತಾರೆ, ಜಮೀನು ಕೇಳಿಕೊಂಡು ಕಚೇರಿ ಅಲೆದವರನ್ನ ಯಾರು ನೋಡ್ತಾರೆ ಅನ್ನೋರು. ಮನೆ ಮಾತ್ರ ಬಿಡಿ, ಕೆಳಗಿನ ಗದ್ದೆ ಪಹಣಿ ನಿಮ್ಮ ಹೆಸರಲ್ಲೇ ಇರುತ್ತೆ ಅಂತ ಗ್ರಾಮಸಭೆ ನಡಾವಳಿಯಲ್ಲಿ ಬರೆಸಿ, ಓದಿಸಿ, ಪ್ರತಿ ಕೈಗೆ ಕೊಟ್ಟೆ. ಆ ವಾರವೇ ಹೆಂಚು ಇಳಿಸೋಕೆ ಶುರು ಮಾಡಿದ್ರು. ಲೈನ್ ಮನೆಯವರ ಹಕ್ಕುಪತ್ರ ಎಲ್ಲರಿಗಿಂತ ತಡವಾಗಿ ಬಂತು, ಎಲ್ಲ ಹೆಂಗಸರ ಹೆಸರಿಗೇ.

ಪೋಡಿ, ಅಂದ್ರೆ ಅಳತೆ ಮಾಡಿ ಒಬ್ಬೊಬ್ಬರ ಜಾಗ ದಾಖಲೆಯಲ್ಲಿ ಬೇರೆ ಮಾಡೋದು, ಇನ್ನೂ ಬಾಕಿ. ಗಂಟೆ ಲೆಕ್ಕದ ನೋಟ್‌ಬುಕ್ ಬೇಕಾದವರು ಬಂದು ನೋಡಬಹುದು. ಬರೋವಾಗ ನಿಮ್ಮೂರ ಸರ್ವೆ ನಕ್ಷೆ ತನ್ನಿ, ಇಳಿಜಾರು ನೋಡದೆ ನಾನು ಗಂಟೆ ಹೇಳಲ್ಲ.