ದುರ್ಗದ ಹಳೇ ಮನೆ ನೋಡೋಕೆ ಸಂಜೆ ಐದಕ್ಕೆ ಹೊರಡಿ
ಚಿತ್ರದುರ್ಗಕ್ಕೆ ಬರುವವರು ಏಳುಸುತ್ತಿನ ಕೋಟೆ, ಒನಕೆ ಓಬವ್ವನ ಕಿಂಡಿ ನೋಡಿ ಸೀದಾ ಬಸ್ ಹತ್ತುತ್ತಾರೆ. ಕೋಟೆ ಹೇಗೂ ಸಂಜೆಗೆ ಮುಚ್ಚುತ್ತದೆ ಅಲ್ವಾ, ಸ್ವಲ್ಪ ಮೊದಲೇ ಐದಕ್ಕೆ ಹೊರಟು ಒಂದು ಗಂಟೆ ಹಳೇ ಊರಿಗೆ ಕೊಡಿ. ರಂಗಯ್ಯನ ಬಾಗಿಲು ಅನ್ನೋ ಹಳೇ ಕೋಟೆ ಬಾಗಿಲಿನಿಂದ ಶುರು ಮಾಡಿ ದೊಡ್ಡಪೇಟೆ ಕಡೆ ನಡೆಯಿರಿ. ಗಾಡಿ ಬೇಡ, ಗಲ್ಲಿ ಇಕ್ಕಟ್ಟು.

ಬೆಳಕಿದ್ದಾಗಲೇ ಮನೆಗಳ ಬಾಗಿಲುಗಳನ್ನು ನೋಡಿಬಿಡಿ, ಕತ್ತಲಾದರೆ ಕೆತ್ತನೆ ಕಾಣಲ್ಲ. ಇಲ್ಲಿಯ ಹಳೇ ಮಾಳಿಗೆ ಮನೆಗಳಲ್ಲಿ ಮರದ ಕಂಬ, ತೊಲೆ, ಅದರ ಮೇಲೆ ದಪ್ಪಗೆ ಹಾಕಿದ ಮಣ್ಣು. ಬಿಸಿಲೂರಲ್ಲಿ ಒಳಗೆ ತಂಪಾಗಿರೋದು ಅದಕ್ಕೇ. ನಡುಮನೆಗೆ ಬೆಳಕು ಬೀಳುವುದು ಮೇಲಿನ ಗವಾಕ್ಷಿಯಿಂದ. ಹೊಸ್ತಿಲು ಎತ್ತರ, ಬಾಗಿಲು ಗಿಡ್ಡ. ನಾನು ಮೇಲೆ ನೋಡ್ತಾ ಹೋಗಿ ಹಣೆ ಬಡಿಸಿಕೊಂಡೆ, ಅಜ್ಜಿಯೊಬ್ಬರು ನಗುತ್ತಾ ನೀರು ಕೊಟ್ಟರು.

ಎಲ್ಲ ಜನ ವಾಸ ಇರುವ ಮನೆಗಳು. ಸುಮ್ನೆ ಒಳಗೆ ಇಣುಕಬೇಡಿ, ಜಗಲಿ ಹತ್ತಿರ ನಿಂತು "ಅಮ್ಮಾ, ನೋಡಬಹುದಾ" ಅಂತ ಕೇಳಿ, ಚಪ್ಪಲಿ ಹೊರಗೆ ಬಿಡಿ, ಫೋಟೋಗೆ ಬೇರೆಯಾಗಿ ಕೇಳಿ. ದೀಪ ಹಚ್ಚುವ ಹೊತ್ತಲ್ಲಿ ಮಾತ್ರ ಬಾಗಿಲು ತಟ್ಟಬೇಡಿ. ಆ ಹೊತ್ತಿಗೆ ಮಂಡಕ್ಕಿ, ಮೆಣಸಿನಕಾಯಿ ತಿಂದುಕೊಂಡು ಬನ್ನಿ.