ಹಳೇ ಡ್ಯುಯಲ್ ಕೋರ್ ಅನ್ನು 3.3 ಗಿಗಾಹರ್ಟ್ಸ್‌ಗೆ ಏರಿಸುವುದು ಹೇಗೆ?

ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಡಿಟಿಪಿ ಅಂಗಡಿ, ಫೋಟೊ ಸ್ಟುಡಿಯೊ, ತೋಟದ ಆಫೀಸುಗಳಲ್ಲಿ 2008–10ರ ಸುಮಾರಿಗೆ ಕೊಂಡ ಇಂಟೆಲ್ ಡ್ಯುಯಲ್ ಕೋರ್ ಡೆಸ್ಕ್‌ಟಾಪ್‌ಗಳು ಇನ್ನೂ ದುಡಿಯುತ್ತಿವೆ. ಅವುಗಳಲ್ಲಿ ಬಹಳಷ್ಟರ ಪ್ರೊಸೆಸರ್, ಕಂಪನಿ ನಿಗದಿ ಮಾಡಿದ ವೇಗಕ್ಕಿಂತ ಮೂರನೇ ಒಂದು ಭಾಗ ಹೆಚ್ಚು ವೇಗದಲ್ಲಿ ಓಡಬಲ್ಲದು. ಹಾಗೆ ಓಡಿಸುವುದಕ್ಕೆ ಓವರ್‌ಕ್ಲಾಕ್ ಎನ್ನುತ್ತಾರೆ. ಅದರ ಕ್ರಮ ಇಲ್ಲಿದೆ. ಉದಾಹರಣೆಗೆ ಪೆಂಟಿಯಮ್ ಇ5200 ಅನ್ನು ಇಟ್ಟುಕೊಂಡಿದ್ದೇವೆ. ಇ5300, ಇ5400, ಕೋರ್ 2 ಡ್ಯುಯೊ ಇ7400, ಇ8400 ಇರುವವರಿಗೂ ಕ್ರಮ ಇದೇ, ಅಂಕಿ ಮಾತ್ರ ಬೇರೆ.

ಶುರು ಮಾಡುವ ಮೊದಲು ಒಂದು ಮಾತು. ಯಂತ್ರ ನಿಧಾನವಾಗಿರುವುದಕ್ಕೆ ಹಳೇ ಹಾರ್ಡ್ ಡಿಸ್ಕ್ ಅಥವಾ 2 ಜಿಬಿ ರ್‍ಯಾಮ್ ಕಾರಣವಾಗಿದ್ದರೆ ಓವರ್‌ಕ್ಲಾಕ್‌ನಿಂದ ಏನೂ ಸಿಗುವುದಿಲ್ಲ. ಮೊದಲು ಎಸ್‌ಎಸ್‌ಡಿ ಹಾಕಿ, ರ್‍ಯಾಮ್ 4 ಜಿಬಿ ಮಾಡಿ. ಆಮೇಲೂ ಆಲ್ಬಮ್ ಪುಟ ಎಕ್ಸ್‌ಪೋರ್ಟ್ ಮಾಡುವಾಗ, ವಿಡಿಯೊ ಕನ್ವರ್ಟ್ ಮಾಡುವಾಗ ಟಾಸ್ಕ್ ಮ್ಯಾನೇಜರ್‌ನಲ್ಲಿ ಸಿಪಿಯು ನೂರು ಪರ್ಸೆಂಟ್‌ನಲ್ಲೇ ನಿಂತಿದ್ದರೆ ಮಾತ್ರ ಈ ಕೆಲಸಕ್ಕೆ ಕೈ ಹಾಕಿ. ವೇಗ ಹೆಚ್ಚಿದ ಮಾತ್ರಕ್ಕೆ ಈ ಪ್ರೊಸೆಸರ್ ವಿಂಡೋಸ್ 11ಕ್ಕೆ ಅರ್ಹವಾಗುವುದಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಾಗಾಗಿ ಇಂಥ ಯಂತ್ರಕ್ಕೆ ಲಿನಕ್ಸ್ ಒಳ್ಳೆಯ ಜೋಡಿ.

ಲೆಕ್ಕ ಹೀಗಿದೆ

ಪ್ರೊಸೆಸರ್ ವೇಗ ಎಂದರೆ ಎರಡು ಸಂಖ್ಯೆಗಳ ಗುಣಲಬ್ಧ: ಎಫ್‌ಎಸ್‌ಬಿ (ಫ್ರಂಟ್ ಸೈಡ್ ಬಸ್, ಅಂದರೆ ಪ್ರೊಸೆಸರನ್ನು ಬೋರ್ಡ್‌ಗೆ ಜೋಡಿಸುವ ದಾರಿಯ ಮೂಲ ವೇಗ) ಮತ್ತು ಮಲ್ಟಿಪ್ಲೈಯರ್ (ಅದನ್ನು ಗುಣಿಸುವ ಸಂಖ್ಯೆ). ಇ5200ರಲ್ಲಿ ಎಫ್‌ಎಸ್‌ಬಿ 200 ಮೆಗಾಹರ್ಟ್ಸ್, ಮಲ್ಟಿಪ್ಲೈಯರ್ 12.5. ಗುಣಿಸಿದರೆ 2500, ಅಂದರೆ 2.5 ಗಿಗಾಹರ್ಟ್ಸ್. ಡಬ್ಬಿಯ ಮೇಲೆ ‘ಎಫ್‌ಎಸ್‌ಬಿ 800’ ಎಂದಿರುವುದು ಇದೇ 200ರ ನಾಲ್ಕು ಪಟ್ಟು. ಈ ಪ್ರೊಸೆಸರ್‌ಗಳಲ್ಲಿ ಮಲ್ಟಿಪ್ಲೈಯರ್ ಅನ್ನು ಇಳಿಸಬಹುದು, ಏರಿಸಲಾಗದು. ಆದ್ದರಿಂದ ಏರಿಸಬೇಕಾದದ್ದು ಎಫ್‌ಎಸ್‌ಬಿಯನ್ನೇ. 220ಕ್ಕೆ 2750, 240ಕ್ಕೆ 3000, 266ಕ್ಕೆ ಸುಮಾರು 3330.

ಇ5200ರ ಮಟ್ಟಿಗೆ ನಿಲ್ಲಬೇಕಾದ ಜಾಗ 266. ಇದಕ್ಕೊಂದು ಗಟ್ಟಿ ಕಾರಣವಿದೆ. 266 ಎಂದರೆ ಎಫ್‌ಎಸ್‌ಬಿ 1066. ಜಿ31, ಜಿ41 ಚಿಪ್‌ಸೆಟ್ (ಪ್ರೊಸೆಸರನ್ನು ಉಳಿದ ಭಾಗಗಳಿಗೆ ಜೋಡಿಸುವ ಚಿಪ್) ಇರುವ ಅಗ್ಗದ ಮದರ್‌ಬೋರ್ಡ್‌ಗಳೂ ಅಧಿಕೃತವಾಗಿ ನಡೆಸುವ ವೇಗ ಅದು. ಅಲ್ಲಿಯವರೆಗೆ ಮಿತಿ ಮೀರುವುದು ಪ್ರೊಸೆಸರ್ ಮಾತ್ರ, ಬೋರ್ಡ್ ತನ್ನ ಮಿತಿಯೊಳಗೇ ಇರುತ್ತದೆ. ಇ8400ರದ್ದು ಉಲ್ಟಾ ಕತೆ. ಅದರ ಎಫ್‌ಎಸ್‌ಬಿ ಮೊದಲೇ 333, ಮಲ್ಟಿಪ್ಲೈಯರ್ 9. 400ಕ್ಕೆ ಒಯ್ದರೆ 3.6 ಗಿಗಾಹರ್ಟ್ಸ್ ಸಿಗುತ್ತದೆ, ಆದರೆ ಜಿ41 ಬೋರ್ಡ್ ತನ್ನ ಮಿತಿಯಾದ 1333 ದಾಟಿ ಓಡಬೇಕಾಗುತ್ತದೆ. ಪಿ35, ಪಿ45ರಂಥ ಬೋರ್ಡ್ ಇಲ್ಲದಿದ್ದರೆ ಆ ಆಸೆ ಬೇಡ. ಇ5400ರ ಮಲ್ಟಿಪ್ಲೈಯರ್ 13.5, 266ರಲ್ಲಿ ಅದು 3.6 ಮುಟ್ಟಲು ಹೋಗಿ ಬೀಳಬಹುದು. ಮಲ್ಟಿಪ್ಲೈಯರ್ 12ಕ್ಕೆ ಇಳಿಸಿಕೊಂಡರೆ 3.2ರಲ್ಲಿ ನೆಮ್ಮದಿಯಾಗಿ ನಿಲ್ಲುತ್ತದೆ.

ಕ್ಯಾಬಿನೆಟ್ ಬಿಚ್ಚಿ ನೋಡಬೇಕಾದದ್ದು

ಬ್ರಾಂಡೆಡ್ ಕಂಪನಿ ಪಿಸಿಗಳ ಬಯೋಸ್‌ನಲ್ಲಿ (ಆನ್ ಆಗುವಾಗ ತೆರೆಯಬಹುದಾದ ಬೋರ್ಡ್‌ನ ಸೆಟ್ಟಿಂಗ್ ಪುಟಗಳಲ್ಲಿ) ಎಫ್‌ಎಸ್‌ಬಿ ಬದಲಿಸುವ ಆಯ್ಕೆ ಸಾಮಾನ್ಯವಾಗಿ ಇರುವುದೇ ಇಲ್ಲ. ಅಸೆಂಬಲ್ ಮಾಡಿಸಿದ ಪಿಸಿ ಬೇಕು. ಮುಚ್ಚಳ ತೆಗೆದು ಪ್ರೊಸೆಸರ್ ಸುತ್ತಲಿನ ಕೆಪಾಸಿಟರ್‌ಗಳ ತಲೆ ನೋಡಿ. ಒಂದಾದರೂ ಉಬ್ಬಿದ್ದರೆ, ಕಂದು ರಸ ಸೋರಿದ್ದರೆ ಕೆಲಸ ಅಲ್ಲಿಗೇ ಬಿಡಿ. ಮೊದಲು ಅದನ್ನು ಬದಲಿಸಬೇಕು.

ಯಂತ್ರಕ್ಕೆ ಕರೆಂಟು ಕೊಡುವ ಎಸ್‌ಎಂಪಿಎಸ್ ಮೇಲೆ ಬರೆದ 450 ವ್ಯಾಟ್ ನಂಬಬೇಡಿ. ಸ್ಟಿಕ್ಕರ್‌ನಲ್ಲಿ +12 ವೋಲ್ಟ್ ಕೆಳಗೆ ಎಷ್ಟು ಆಂಪಿಯರ್ ಇದೆ ನೋಡಿ. 14 ಆಂಪಿಯರ್ ಇದ್ದರೆ ಆ ಲೈನ್‌ನಲ್ಲಿ ಸಿಗುವುದು 168 ವ್ಯಾಟ್ ಮಾತ್ರ, ಪ್ರೊಸೆಸರ್ ಕುಡಿಯುವುದು ಅಲ್ಲಿಂದಲೇ. ವಿದ್ಯುತ್ ಬಳಕೆ ವೇಗದ ಜೊತೆ ನೇರವಾಗಿಯೂ ವೋಲ್ಟೇಜಿನ ವರ್ಗದ ಪ್ರಮಾಣದಲ್ಲಿಯೂ ಏರುತ್ತದೆ. 2.5ರಿಂದ 3.33ಕ್ಕೆ ಒಯ್ದು, ವೋಲ್ಟೇಜನ್ನು 1.25ರಿಂದ 1.325ಕ್ಕೆ ಏರಿಸಿದರೆ ಬಳಕೆ ಹೆಚ್ಚುಕಡಿಮೆ ಒಂದೂವರೆ ಪಟ್ಟು. 65 ವ್ಯಾಟ್‌ಗೆಂದು ಮಾಡಿದ ಪ್ರೊಸೆಸರ್ 95ರ ಆಸುಪಾಸಿಗೆ ಹೋಗಬಹುದು ಎಂದೇ ಲೆಕ್ಕ ಹಾಕಿಕೊಳ್ಳಿ. ಪೂರ್ತಿ ಲೋಡ್ ಇರುವಾಗ ಮಲ್ಟಿಮೀಟರ್‌ನ ಕಪ್ಪು ಪ್ರೋಬ್ ಅನ್ನು ಕಪ್ಪು ವೈರಿಗೆ, ಕೆಂಪನ್ನು ಹಳದಿ ವೈರಿಗೆ ಇಟ್ಟು ಅಳೆಯಿರಿ. 11.4 ವೋಲ್ಟ್‌ಗಿಂತ ಕೆಳಗಿಳಿದರೆ ಎಸ್‌ಎಂಪಿಎಸ್ ಬದಲಿಸದೆ ಮುಂದೆ ಹೋಗಬೇಡಿ.

ಇನ್ನು ಹೀಟ್‌ಸಿಂಕ್. ವರ್ಷಗಟ್ಟಲೆ ಹಳೆಯ ಪೇಸ್ಟ್ ಒಣಗಿ ಸುಣ್ಣದಂತಾಗಿರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ಎರಡೂ ಕಡೆ ಒರೆಸಿ, ನಡುವೆ ಒಂದು ಕಾಳುಮೆಣಸಿನಷ್ಟು ಹೊಸ ಪೇಸ್ಟ್ ಇಡಿ. ಬೆರಳಿಂದ ಸವರುವುದು ಬೇಡ, ಒತ್ತಡಕ್ಕೆ ತಾನೇ ಹರಡುತ್ತದೆ. ನಾಲ್ಕು ಪ್ಲಾಸ್ಟಿಕ್ ಪಿನ್‌ಗಳನ್ನು ಎದುರುಬದುರು ಜೋಡಿಯಾಗಿ ಒತ್ತಿ. ನಾಲ್ಕೂ ‘ಟಕ್’ ಎಂದವೇ ಎಂದು ಬೋರ್ಡಿನ ಹಿಂಬದಿಯಿಂದಲೂ ನೋಡಿ. ‘ಟೆಂಪರೇಚರ್ ಇಳಿಯುತ್ತಲೇ ಇಲ್ಲ’ ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ಅರ್ಧ ಕೂತ ಒಂದು ಪಿನ್. ಎತ್ತರದ ಟವರ್ ಕೂಲರ್ ಹಾಕುವವರು ಗಮನಿಸಬೇಕಾದದ್ದು: ಕಂಪನಿಯ ಚಪ್ಪಟೆ ಕೂಲರ್ ಕೆಳಮುಖವಾಗಿ ಗಾಳಿ ಬೀಸಿ ಪಕ್ಕದ ಮಾಸ್ಫೆಟ್‌ಗಳನ್ನೂ (ಪ್ರೊಸೆಸರ್‌ಗೆ ವಿದ್ಯುತ್ ಹಾಯಿಸುವ ಚಿಕ್ಕ ಬಿಡಿಭಾಗಗಳನ್ನೂ) ತಣಿಸುತ್ತದೆ, ಟವರ್ ಕೂಲರ್ ಹಾಗೆ ಮಾಡುವುದಿಲ್ಲ. ಹೀಟ್‌ಸಿಂಕ್ ಇಲ್ಲದ ಮಾಸ್ಫೆಟ್‌ಗಳಿರುವ ಜಿ41 ಬೋರ್ಡ್‌ಗೆ ಟವರ್ ಹಾಕಿದರೆ ಪಕ್ಕದಲ್ಲೊಂದು ಚಿಕ್ಕ ಫ್ಯಾನ್ ಕಟ್ಟಬೇಕು.

ಡೇಟಾ ಬ್ಯಾಕಪ್ ತೆಗೆಯದೆ ಬಯೋಸ್‌ಗೆ ಹೋಗಬೇಡಿ. ಸಾಧ್ಯವಾದ ಪರೀಕ್ಷೆಗಳನ್ನು ಲಿನಕ್ಸ್ ಲೈವ್ ಪೆನ್‌ಡ್ರೈವ್‌ನಿಂದ ಮಾಡುವುದು ಇನ್ನೂ ಕ್ಷೇಮ. ಯಂತ್ರ ನಡುವೆ ಸತ್ತರೂ ಒಳಗಿನ ಡಿಸ್ಕ್‌ಗೆ ಪೆಟ್ಟಾಗದು.

ಬಯೋಸ್‌ನಲ್ಲಿ

ಆನ್ ಮಾಡುತ್ತಲೇ ಡಿಲೀಟ್ ಕೀ ಒತ್ತುತ್ತಿರಿ. ಗಿಗಾಬೈಟ್ ಬೋರ್ಡ್‌ನಲ್ಲಿ ‘ಎಂ.ಐ.ಟಿ.’, ಏಸಸ್‌ನಲ್ಲಿ ‘ಎಐ ಟ್ವೀಕರ್’ ಅಥವಾ ‘ಜಂಪರ್‌ಫ್ರೀ’, ಎಂಎಸ್‌ಐನಲ್ಲಿ ‘ಸೆಲ್ ಮೆನು’ ಎಂಬ ಪುಟ ಹುಡುಕಿ. ಎಫ್‌ಎಸ್‌ಬಿ ಮುಟ್ಟುವ ಮೊದಲು ಇಷ್ಟನ್ನು ‘ಆಟೊ’ದಿಂದ ಬಿಡಿಸಿ.

ಪಿಸಿಐ ಎಕ್ಸ್‌ಪ್ರೆಸ್ ಫ್ರೀಕ್ವೆನ್ಸಿ 100, ಪಿಸಿಐ 33.3 ಎಂದು ಕಟ್ಟಿಹಾಕಿ. ಇದು ಬಿಟ್ಟುಹೋದರೆ ಕೆಲವು ಬೋರ್ಡ್‌ಗಳಲ್ಲಿ ಎಫ್‌ಎಸ್‌ಬಿ ಜೊತೆ ಇವೂ ಏರಿ, ಮೊದಲು ಕೆಡುವುದು ಹಾರ್ಡ್ ಡಿಸ್ಕ್‌ನಲ್ಲಿರುವ ಫೈಲುಗಳು. ಸ್ಪ್ರೆಡ್ ಸ್ಪೆಕ್ಟ್ರಮ್ ಆಫ್. ಕೆಲಸವಿಲ್ಲದಾಗ ವೇಗ ತಾನಾಗಿ ಇಳಿಸುವ ಸಿ1ಇ ಮತ್ತು ಇಐಎಸ್‌ಟಿ, ಪರೀಕ್ಷೆ ಮುಗಿಯುವವರೆಗೆ ಆಫ್. ಡಿಡಿಆರ್2 ರ್‍ಯಾಮ್ ವೋಲ್ಟೇಜ್ 1.8, ಟೈಮಿಂಗ್ 5-5-5-15 ಎಂದು ಕೈಯಾರೆ ಬರೆಯಿರಿ. ನಿಮ್ಮ ರ್‍ಯಾಮ್ ಸ್ಟಿಕ್ಕರ್‌ನಲ್ಲಿ ಬೇರೆ ಇದ್ದರೆ ಅದೇ ಸರಿ. ಪ್ರೊಸೆಸರ್ ವೋಲ್ಟೇಜನ್ನು ಎಂದೂ ಆಟೊದಲ್ಲಿ ಬಿಡಬೇಡಿ. ವೇಗ ಏರಿದಂತೆ ಕೆಲವು ಬೋರ್ಡ್‌ಗಳು ನಿಮ್ಮನ್ನು ಕೇಳದೆ ಬೇಕಾದದ್ದಕ್ಕಿಂತ ಹೆಚ್ಚು ವೋಲ್ಟೇಜ್ ಕೊಡುತ್ತವೆ. ವಿಂಡೋಸ್‌ನ ಕೋರ್ ಟೆಂಪ್ ತಂತ್ರಾಂಶ ತೋರಿಸುವ ‘ವಿಐಡಿ’ಯನ್ನೇ (ಪ್ರೊಸೆಸರ್ ತನಗೆ ಬೇಕೆಂದು ಕೇಳುವ ವೋಲ್ಟೇಜನ್ನೇ) ಆರಂಭದ ವೋಲ್ಟೇಜ್ ಆಗಿ ಇಡಿ.

ಒಂದು ಸಲಕ್ಕೆ ಒಂದನ್ನೇ

ಯಂತ್ರ ಕುಸಿದಾಗ ತಪ್ಪು ಬೋರ್ಡಿನದೋ, ರ್‍ಯಾಮಿನದೋ, ಪ್ರೊಸೆಸರಿನದೋ ಗೊತ್ತಾಗಬೇಕಾದರೆ ಮೂರನ್ನೂ ಬೇರೆ ಬೇರೆ ಪರೀಕ್ಷಿಸಬೇಕು. ಇಡೀ ಕೆಲಸದ ಜೀವಾಳ ಇದೇ. ಇಲ್ಲಿ ಅವಸರ ಮಾಡಿದವರು ಸುಮ್ಮನೆ ವೋಲ್ಟೇಜ್ ಏರಿಸುತ್ತಾ ಹೋಗುತ್ತಾರೆ, ಕೊನೆಗೆ ನೋಡಿದರೆ ದೋಷ ರ್‍ಯಾಮಿನಲ್ಲಿರುತ್ತದೆ.

ಮೊದಲು ಬೋರ್ಡ್. ಮಲ್ಟಿಪ್ಲೈಯರ್ 8ಕ್ಕೆ ಇಳಿಸಿ, ರ್‍ಯಾಮ್ ಅನುಪಾತ ಅತಿ ಕಡಿಮೆಗೆ ಇಟ್ಟು, ಎಫ್‌ಎಸ್‌ಬಿ 266 ಮಾಡಿ. ಪ್ರೊಸೆಸರ್ ಆಗ 2.13 ಗಿಗಾಹರ್ಟ್ಸ್‌ನಲ್ಲಿ ಆರಾಮಾಗಿರುತ್ತದೆ. ಈ ಸ್ಥಿತಿಯಲ್ಲಿ, ಪೂರ್ತಿ ಲೋಡ್ ಹಾಕಿ ಪರೀಕ್ಷಿಸುವ ತಂತ್ರಾಂಶ ಪ್ರೈಮ್95 ಅರ್ಧ ಗಂಟೆ ಓಡಿದರೆ ಬೋರ್ಡ್ ಗೆದ್ದಿತು.

ಆಮೇಲೆ ರ್‍ಯಾಮ್. ಎಫ್‌ಎಸ್‌ಬಿ ಏರಿದಾಗ ರ್‍ಯಾಮ್ ಕೂಡ ಅನುಪಾತದಲ್ಲಿ ಏರುತ್ತದೆ. 200ರಲ್ಲಿ ಡಿಡಿಆರ್2-800 ರ್‍ಯಾಮ್ 1:2 ಅನುಪಾತದಲ್ಲಿ ಓಡುತ್ತಿತ್ತು. ಅದನ್ನು ಹಾಗೇ ಬಿಟ್ಟು 266 ಮಾಡಿದರೆ ರ್‍ಯಾಮ್ 1066ಕ್ಕೆ ಹಾರಿ, ಸ್ಕ್ರೀನ್ ಕಪ್ಪಾಗಿ ನಿಲ್ಲುತ್ತದೆ. ‘ಓವರ್‌ಕ್ಲಾಕ್ ಆಗಲಿಲ್ಲ’ ಎಂದು ಕೈಬಿಟ್ಟವರಲ್ಲಿ ಅನೇಕರು ಎಡವಿದ್ದು ಇಲ್ಲೇ. ಅನುಪಾತ 2:3 ಮಾಡಿ. ಗಿಗಾಬೈಟ್‌ನಲ್ಲಿ ಇದನ್ನೇ ಮೆಮೊರಿ ಮಲ್ಟಿಪ್ಲೈಯರ್ 3.00 ಎಂದು ತೋರಿಸುತ್ತದೆ. ಆಗ ಮತ್ತೆ 800ರಲ್ಲೇ ಇರುತ್ತದೆ. ಯಂತ್ರದ ವಿವರ ತೋರಿಸುವ ತಂತ್ರಾಂಶ ಸಿಪಿಯು-ಝಡ್‌ನ ಮೆಮೊರಿ ಪುಟದಲ್ಲಿ ‘ಡಿರ್‍ಯಾಮ್ ಫ್ರೀಕ್ವೆನ್ಸಿ’ 400 ಎಂದು ಬಂದರೆ ಸರಿ, ಡಿಡಿಆರ್ ಆದ್ದರಿಂದ ಅದರ ಎರಡರಷ್ಟೇ 800. ಪೆನ್‌ಡ್ರೈವ್‌ನಿಂದ ಮೆಮೊರಿ ಪರೀಕ್ಷಿಸುವ ತಂತ್ರಾಂಶ ಮೆಮ್‌ಟೆಸ್ಟ್86+ ಎರಡು ಪೂರ್ತಿ ಸುತ್ತು ಓಡಿಸಿ. ಒಂದೇ ಒಂದು ಕೆಂಪು ಸಾಲು ಬಂದರೂ ಅನುಪಾತ ಇನ್ನೊಂದು ಮೆಟ್ಟಿಲು ಇಳಿಸಿ. ರ್‍ಯಾಮ್ ಸ್ವಲ್ಪ ನಿಧಾನವಾದರೆ ಕಳೆದುಕೊಳ್ಳುವುದು ಅತ್ಯಲ್ಪ.

ಕೊನೆಗೆ ಪ್ರೊಸೆಸರ್. ಎಫ್‌ಎಸ್‌ಬಿ 200ಕ್ಕೆ ತಂದು ಮಲ್ಟಿಪ್ಲೈಯರ್ ಮತ್ತೆ 12.5 ಮಾಡಿ, ರ್‍ಯಾಮ್ ಅನುಪಾತ ಕಡಿಮೆಯಲ್ಲೇ ಇರಲಿ. 10 ಮೆಗಾಹರ್ಟ್ಸ್‌ನಂತೆ ಏರಿಸುತ್ತಾ, ಪ್ರತಿ ಮೆಟ್ಟಿಲಲ್ಲೂ ಪ್ರೈಮ್95ರ ‘ಸ್ಮಾಲ್ ಎಫ್‌ಎಫ್‌ಟಿ’ 15 ನಿಮಿಷ ಓಡಿಸಿ. ‘ರೌಂಡಿಂಗ್’ ಎಂಬ ಪದವಿರುವ ದೋಷ ಬಂದು ಒಂದು ಕೋರ್ ನಿಂತರೆ, ಅಥವಾ ಯಂತ್ರ ರೀಸ್ಟಾರ್ಟ್ ಆದರೆ, ವೋಲ್ಟೇಜನ್ನು 0.0125 ಅಥವಾ 0.025 ಏರಿಸಿ ಅದೇ ವೇಗದಲ್ಲಿ ಮತ್ತೆ ನೋಡಿ. 45 ನ್ಯಾನೊಮೀಟರ್‌ನ ಈ ಪ್ರೊಸೆಸರ್‌ಗಳಿಗೆ ಇಂಟೆಲ್ ಹೇಳುವ ವಿಐಡಿ ಮಿತಿ 1.3625 ವೋಲ್ಟ್. ಅದನ್ನು ದಾಟಬೇಡಿ. ದಾಟಿದರೆ ಇವತ್ತು ಸುಡುವುದಿಲ್ಲ ನಿಜ, ಆದರೆ ಒಳಗಿನ ಲೋಹದ ಗೆರೆಗಳು ಸವೆದು, ಕೆಲವು ತಿಂಗಳ ಮೇಲೆ ಅದೇ ವೇಗಕ್ಕೆ ಇನ್ನಷ್ಟು ವೋಲ್ಟೇಜ್ ಕೇಳತೊಡಗುತ್ತದೆ. ಎರಡು ಮೆಟ್ಟಿಲು ವೋಲ್ಟೇಜ್ ಏರಿಸಿದರೂ 10 ಮೆಗಾಹರ್ಟ್ಸ್ ಹೆಚ್ಚು ದಕ್ಕದಿದ್ದರೆ ನಿಮ್ಮ ಪ್ರೊಸೆಸರ್‌ನ ಗಡಿ ಬಂತು. ಒಂದು ಮೆಟ್ಟಿಲು ಕೆಳಗೆ ನಿಲ್ಲಿಸಿ. 3.33ರ ಬದಲು 3.1 ಸಿಕ್ಕರೂ ಅದು ಪುಕ್ಕಟೆ ಸಿಕ್ಕ ವೇಗವೇ.

ಬಯೋಸ್‌ನಲ್ಲಿ 1.30 ಕೊಟ್ಟರೂ ಲೋಡ್ ಬಿದ್ದಾಗ ಸಿಪಿಯು-ಝಡ್ 1.26 ತೋರಿಸಬಹುದು. ಇದು ಕೆಟ್ಟಿರುವುದರ ಗುರುತಲ್ಲ, ಬೋರ್ಡ್‌ನ ವಿನ್ಯಾಸವೇ ಹಾಗೆ. ಎಲ್ಲ ಸೇರಿಸಿ ಕೊನೆಯ ಪರೀಕ್ಷೆ: ಆರಿಸಿದ ಎಫ್‌ಎಸ್‌ಬಿಯಲ್ಲಿ 12.5, ರ್‍ಯಾಮ್ 800 ಮೀರದ ಅನುಪಾತ, ಪ್ರೈಮ್95 ‘ಬ್ಲೆಂಡ್’ ಎಂಟು ಗಂಟೆ.

ಯಂತ್ರ ಆನೇ ಆಗದಿದ್ದರೆ ಗಾಬರಿ ಬೇಡ. ಕರೆಂಟು ತೆಗೆದು, ಬಯೋಸ್ ಸೆಟ್ಟಿಂಗ್ ಅಳಿಸುವ ‘ಸಿಎಲ್‌ಆರ್ ಸಿಮಾಸ್’ ಜಂಪರನ್ನು (ಬೋರ್ಡ್ ಮೇಲಿನ ಪುಟ್ಟ ಪಿನ್‌ಗಳನ್ನು) ಹತ್ತು ಸೆಕೆಂಡು ಕೂಡಿಸಿ. ಜಂಪರ್ ಸಿಗದಿದ್ದರೆ ಸಿಆರ್2032 ಬ್ಯಾಟರಿಯನ್ನು ಹತ್ತು ನಿಮಿಷ ತೆಗೆದಿಡಿ. ಎಲ್ಲವೂ ಮೊದಲಿನ ಸ್ಥಿತಿಗೆ ಬರುತ್ತದೆ.

ಮೂಡಿಗೆರೆಯ ಲೆಕ್ಕ ಕಡೂರಿಗೆ ನಡೆಯದು

ನಮ್ಮ ಕಡೆ ತಂಪು, ಹಾಗಾಗಿ ಓವರ್‌ಕ್ಲಾಕ್‌ಗೆ ಅನುಕೂಲ ಎಂಬ ಮಾತು ಅರ್ಧ ನಿಜ. ಫ್ಯಾನ್‌ನಿಂದ ತಣಿಸುವಾಗ ಕೋಣೆಯ ಉಷ್ಣಾಂಶ ಎಷ್ಟು ಡಿಗ್ರಿ ಏರುತ್ತದೋ ಕೋರ್‌ನದೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಡಿಸೆಂಬರ್ ಬೆಳಿಗ್ಗೆ 20 ಡಿಗ್ರಿಯ ಕೋಣೆಯಲ್ಲಿ ಪಾಸಾದ ಸೆಟ್ಟಿಂಗ್, ಏಪ್ರಿಲ್ ಮಧ್ಯಾಹ್ನ 34 ಡಿಗ್ರಿಯಲ್ಲಿ 14 ಡಿಗ್ರಿ ಹೆಚ್ಚು ಬಿಸಿಯಾಗಿ ಬೀಳಬಹುದು. ಮೂಡಿಗೆರೆ, ಸಕಲೇಶಪುರದಲ್ಲಿ ಪರೀಕ್ಷಿಸಿದ ಯಂತ್ರವನ್ನು ಬಯಲುಸೀಮೆಯ ಕಡೂರು, ಅರಸೀಕೆರೆಗೆ ಒಯ್ದರೂ ಇದೇ ಪಾಡು. ಜೊತೆಗೆ, ಸಮುದ್ರಮಟ್ಟದಿಂದ ಸಾವಿರ ಮೀಟರ್‌ ಆಸುಪಾಸಿನ ಮೂಡಿಗೆರೆ, ಸಕಲೇಶಪುರದಂಥ ಊರುಗಳಲ್ಲಿ ಗಾಳಿ ಕರಾವಳಿಗಿಂತ ಸುಮಾರು ಶೇ 9ರಷ್ಟು ತೆಳು. ಅದೇ ಫ್ಯಾನ್ ಅಷ್ಟು ಕಡಿಮೆ ಶಾಖ ಹೊತ್ತೊಯ್ಯುತ್ತದೆ.

ಕೋರ್ ಟೆಂಪ್‌ನಲ್ಲಿ ಡಿಗ್ರಿಗಿಂತ ‘ಡಿಸ್ಟೆನ್ಸ್ ಟು ಟಿಜೆ ಮ್ಯಾಕ್ಸ್’ ಅಂಕಿ ನೋಡಿ. ಇಂಟೆಲ್ ಸೆನ್ಸರ್ ನಿಜಕ್ಕೂ ಅಳೆಯುವುದು ಗಡಿಗೆ ಇನ್ನೆಷ್ಟು ಡಿಗ್ರಿ ಬಾಕಿ ಇದೆ ಎಂಬುದನ್ನೇ. ಸುಮ್ಮನಿರುವಾಗ ಅದು ತೋರಿಸುವ ಉಷ್ಣಾಂಶ ಅಷ್ಟು ನಂಬಲರ್ಹವಲ್ಲ, ಬಿಸಿಯಾದಾಗ ಸರಿಯಾಗಿರುತ್ತದೆ. ಬೇಸಿಗೆಯ ಅತಿ ಬಿಸಿ ದಿನವೂ ಪೂರ್ತಿ ಲೋಡ್‌ನಲ್ಲಿ 25 ಡಿಗ್ರಿ ಅಂತರ ಉಳಿಯಬೇಕು. ಅಂದರೆ 20 ಡಿಗ್ರಿಯ ದಿನ ಪರೀಕ್ಷಿಸುತ್ತಿದ್ದರೆ 40 ಉಳಿದಿರಲಿ.

ಮಳೆಗಾಲದಲ್ಲಿ ತೊಂದರೆ ಬೇರೆ ಥರದ್ದು. ಓಡುತ್ತಿರುವ ಯಂತ್ರ ಕೋಣೆಗಿಂತ ಬಿಸಿ ಇರುವುದರಿಂದ ಅದರೊಳಗೆ ಇಬ್ಬನಿ ಕೂರುವುದಿಲ್ಲ. ವಾರಗಟ್ಟಲೆ ಆಫ್ ಇಟ್ಟದ್ದೇ ಥಂಡಿ ಹಿಡಿಯುವುದು. ರ್‍ಯಾಮ್ ಕಾಲುಗಳು ಮಾಸಿ, ಸರಿಯಾಗಿದ್ದ ಓವರ್‌ಕ್ಲಾಕ್ ಜುಲೈನಲ್ಲಿ ಕೆಟ್ಟಂತೆ ಕಾಣುತ್ತದೆ. ವೋಲ್ಟೇಜ್ ಏರಿಸುವ ಮೊದಲು ರ್‍ಯಾಮ್ ತೆಗೆದು, ಕಾಲುಗಳನ್ನು ಆಲ್ಕೊಹಾಲ್‌ನಿಂದ ಒರೆಸಿ ಮತ್ತೆ ಕೂಡಿಸಿ ನೋಡಿ. ದಿನಕ್ಕೆ ಅರ್ಧ ಗಂಟೆ ಆನ್ ಮಾಡುವ ರೂಢಿ ಇದ್ದರೆ ಒಳ್ಳೆಯದು. ಮರ ಬಿದ್ದು ಕರೆಂಟು ಹೋಗಿ ಬರುವ ಕಾಲದಲ್ಲಿ ಯುಪಿಎಸ್ ಮತ್ತು ಸರಿಯಾದ ಅರ್ಥಿಂಗ್ ಇಲ್ಲದೆ ಓವರ್‌ಕ್ಲಾಕ್ ಮಾಡಬೇಡಿ. ಹಳೇ 600 ವಿಎ ಯುಪಿಎಸ್ ಇದ್ದರೆ, ಹೆಚ್ಚಿದ ಲೋಡ್‌ನಲ್ಲಿ ಅದು ಕೆಲಸ ಸೇವ್ ಮಾಡುವಷ್ಟು ಹೊತ್ತು ನಿಲ್ಲುತ್ತದೆಯೇ ಎಂದು ಪ್ಲಗ್ ಕಿತ್ತು ಒಮ್ಮೆ ಪರೀಕ್ಷಿಸಿ.

ಎಲ್ಲ ಮುಗಿದ ಮೇಲೆ ಸಿ1ಇ, ಇಐಎಸ್‌ಟಿ ಮತ್ತೆ ಆನ್ ಮಾಡಿ. ಕೆಲಸವಿಲ್ಲದಾಗ ಮಲ್ಟಿಪ್ಲೈಯರ್ 6ಕ್ಕೆ ಇಳಿದು, 266ರಲ್ಲಿ ವೇಗ 1600 ಎಂದು ಕಾಣುತ್ತದೆ. ಲೋಡ್ ಬಿದ್ದೊಡನೆ 3330ಕ್ಕೆ ಏರುತ್ತದೆ. ಎಫ್‌ಎಸ್‌ಬಿ, ಮಲ್ಟಿಪ್ಲೈಯರ್, ರ್‍ಯಾಮ್ ಅನುಪಾತ, ಟೈಮಿಂಗ್, ಎರಡೂ ವೋಲ್ಟೇಜ್‌ಗಳನ್ನು ಒಂದು ಚೀಟಿಯಲ್ಲಿ ಬರೆದು ಕ್ಯಾಬಿನೆಟ್ ಮುಚ್ಚಳದ ಒಳಬದಿಗೆ ಅಂಟಿಸಿ. ಬಯೋಸ್ ಬ್ಯಾಟರಿ ಮುಗಿದ ದಿನ ಇವೆಲ್ಲ ಅಳಿಸಿಹೋಗುತ್ತವೆ. ರಿಪೇರಿಗೆ ಕೊಟ್ಟಾಗ ಅಂಗಡಿಯವರಿಗೂ ಯಂತ್ರ ಓವರ್‌ಕ್ಲಾಕ್ ಆಗಿದೆ ಎಂದು ಚೀಟಿ ನೋಡಿಯೇ ತಿಳಿಯುತ್ತದೆ.